ಹುಳು ಮನೆಯ ಪಕ್ಕದ ಗೋಡೆಯಲ್ಲಿ ತಾತನ ಫೋಟೊ

ಪ್ರಶ್ನೆ: ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ, ರೇಷ್ಮೆ ಬೆಳೆಯುವ ಕುಟುಂಬ. ನಡುಮನೆಯ ಗೋಡೆಯಲ್ಲಿ 1950ರ ದಶಕದ ಕೊನೆಯಲ್ಲಿ ತಾತ ತೆಗೆಸಿದ ದೊಡ್ಡ ಗುಂಪು ಫೋಟೊ ಇದೆ. ಅದರ ಅಂಚಿನಲ್ಲಿ ಕನ್ನಡಿಯಂಥ ನೀಲಿ ಹೊಳಪು ಬಂದಿದೆ, ಒಂದು ಮೂಲೆ ಗಾಜಿಗೆ ಅಂಟಿಕೊಂಡಿದೆ. ಆ ಗೋಡೆಯ ಆಚೆ ಬದಿ ರೇಷ್ಮೆ ಹುಳು ಸಾಕುವ ನಮ್ಮ ಹುಳು ಮನೆ. ಅಪ್ಪ-ಅಮ್ಮನ 1984ರ ಮದುವೆಯ ಬಣ್ಣದ ಫೋಟೊಗಳು ಅಂಟು ಹಾಳೆಯ ಆಲ್ಬಮ್ಮಿನಲ್ಲಿದ್ದು, ಎಲ್ಲವೂ ಕೆಂಪಗಾಗಿವೆ. ಒಂದು ತಗಡಿನ ಡಬ್ಬಿಯಲ್ಲಿ ನೆಗೆಟಿವ್‌ಗಳಿವೆ, ಮುಚ್ಚಳ ತೆಗೆದರೆ ಹುಳಿ ವಾಸನೆ ಬರುತ್ತದೆ. ಪೇಟೆಯ ಅಂಗಡಿಯವರು ಎಲ್ಲವನ್ನೂ ಲ್ಯಾಮಿನೇಷನ್ ಮಾಡಿಸಿ ಎನ್ನುತ್ತಾರೆ. ಅಮ್ಮ ನುಸಿಗುಳಿಗೆ ಇಡುತ್ತಾರೆ. ತಮ್ಮ, ಮೊಬೈಲಿನಲ್ಲಿ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, ಎಐ ಆ್ಯಪ್‌ನಲ್ಲಿ ಬಣ್ಣ ತುಂಬಿಸಿದರೆ ಸಾಕು ಎನ್ನುತ್ತಾನೆ. ಹಳೆಯ ಫೋಟೊಗಳ ಆಯುಸ್ಸೇ ಇಷ್ಟು ಎನ್ನುವವರೂ ಇದ್ದಾರೆ. ಇವನ್ನು ಮಕ್ಕಳ ಕಾಲಕ್ಕೆ ಉಳಿಸುವುದು ಸಾಧ್ಯವೇ?

— ಓದುಗರೊಬ್ಬರು, ಚಿಕ್ಕಬಳ್ಳಾಪುರ ಜಿಲ್ಲೆ

ಉತ್ತರ: ಸಾಧ್ಯ. ಆದರೆ ಏನನ್ನಾದರೂ ಮಾಡುವ ಮೊದಲು ಎರಡು ಕೆಲಸಗಳನ್ನು ಮಾಡದೆ ಇರಬೇಕು. ಗಾಜಿಗೆ ಅಂಟಿದ ಮೂಲೆಯನ್ನು ಎಳೆದು ಬಿಡಿಸಬೇಡಿ ಮತ್ತು ಯಾವ ಫೋಟೊವನ್ನೂ ಲ್ಯಾಮಿನೇಷನ್‌ಗೆ ಕೊಡಬೇಡಿ. ನನ್ನ ಬಳಿಗೆ ಬರುವ ಫೋಟೊಗಳಲ್ಲಿ ಕಾಲ ಕೆಡಿಸಿದವು ಕೆಲವಾದರೆ, ಉಳಿಸಲು ಹೋಗಿ ಕೆಡಿಸಿದವು ಅದಕ್ಕಿಂತ ಹೆಚ್ಚು. ಲ್ಯಾಮಿನೇಷನ್ ಎಂದರೆ ಬಿಸಿ ಮತ್ತು ಒತ್ತಡದಿಂದ ಪ್ಲಾಸ್ಟಿಕ್ಕಿನ ಪದರವನ್ನು ಫೋಟೊದ ಮೈಗೆ ಶಾಶ್ವತವಾಗಿ ಅಂಟಿಸುವುದು. ಆ ಅಂಟು ಮುಂದೆ ಹಳದಿಯಾದಾಗ, ಒಳಗೆ ಸಿಕ್ಕಿಕೊಂಡ ತೇವದಿಂದ ಬೂಸಲು ಎದ್ದಾಗ, ಆ ಪದರವನ್ನು ತೆಗೆಯಲು ಸಂರಕ್ಷಣೆಯ ಕೆಲಸ ಮಾಡುವ ಯಾರಿಂದಲೂ ಬಹುಮಟ್ಟಿಗೆ ಆಗುವುದಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ನೀವು ಹಾಗೇ ಹೇಳಿ ಮುಂದೆ ಸಾಗಿದ ಒಂದು ವಾಕ್ಯ: ಗೋಡೆಯ ಆಚೆ ಬದಿ ಹುಳು ಮನೆ. ತಾತನವರ ಫೋಟೊಗೆ ಬಂದಿರುವ ತೊಂದರೆಯ ಬಹುಪಾಲು ವಯಸ್ಸಿನಿಂದ ಬಂದದ್ದಲ್ಲ, ಅದು ತೂಗಿರುವ ಜಾಗದಿಂದ ಬಂದದ್ದು ಎಂದು ನನಗೆ ಅನ್ನಿಸುತ್ತದೆ. ಹಾಗೆ ಅನ್ನಿಸಲು ಕಾರಣವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಕಾರಣ ತಿಳಿದರೆ ಉಳಿದ ನಿರ್ಧಾರಗಳನ್ನು ನೀವೇ ಕೈಗೊಳ್ಳಬಹುದು.

1950ರ ದಶಕದ ಕಪ್ಪು-ಬಿಳುಪು ಪ್ರಿಂಟಿನಲ್ಲಿ ನೀವು ಕಾಣುವ ಕಪ್ಪು, ಶಾಯಿಯೂ ಅಲ್ಲ, ಬಣ್ಣವೂ ಅಲ್ಲ. ಅದು ಬೆಳ್ಳಿ. ದಪ್ಪ ಕಾಗದದ ಮೇಲೆ ಬೇರಿಯಂ ಸಲ್ಫೇಟಿನ ಬಿಳಿ ಲೇಪ, ಅದರ ಮೇಲೆ ಪ್ರಾಣಿಗಳ ಮೂಳೆ ಮತ್ತು ಚರ್ಮದಿಂದ ತೆಗೆದ ಜೆಲಾಟಿನ್ನಿನ ತೆಳುವಾದ ಪದರ, ಆ ಪದರದೊಳಗೆ ಹುದುಗಿರುವ ಅತಿ ಸೂಕ್ಷ್ಮವಾದ ಬೆಳ್ಳಿಯ ಕಣಗಳು. ಇಷ್ಟೇ ಆ ಫೋಟೊ. ಜೆಲಾಟಿನ್ ತೇವ ಕಂಡರೆ ಉಬ್ಬಿ ಮೆತ್ತಗಾಗುತ್ತದೆ, ಒಣಗಿದರೆ ಬಿಗಿದುಕೊಳ್ಳುತ್ತದೆ. ಬೆಳ್ಳಿ, ಗಾಳಿಯಲ್ಲಿರುವ ಕೆಲವು ರಾಸಾಯನಿಕಗಳು ತಾಗಿದರೆ ಲೋಹದ ರೂಪವನ್ನು ಬಿಟ್ಟು ಅಯಾನುಗಳಾಗಿ ಕರಗಿ, ಮೆತ್ತಗಾದ ಜೆಲಾಟಿನ್ನಿನ ಮೂಲಕ ನಿಧಾನವಾಗಿ ಮೇಲ್ಮೈಗೆ ಸರಿದು, ಅಲ್ಲಿ ಮತ್ತೆ ಲೋಹವಾಗಿಯೋ ಗಂಧಕದೊಡನೆ ಸೇರಿ ಸಲ್ಫೈಡ್ ಆಗಿಯೋ ನಿಲ್ಲುತ್ತದೆ. ನೀವು ಅಂಚಿನಲ್ಲಿ ಕಂಡ ನೀಲಿ ಕನ್ನಡಿ ಹೊಳಪು ಅದೇ. ಅದು ಕೊಳೆಯಲ್ಲ, ಚಿತ್ರದ್ದೇ ಬೆಳ್ಳಿ. ಆದ್ದರಿಂದ ಅದನ್ನು ರಬ್ಬರಿನಿಂದಲೋ ಬಟ್ಟೆಯಿಂದಲೋ ಉಜ್ಜಿ ತೆಗೆದರೆ ತಾತನ ಫೋಟೊವನ್ನೇ ಅಷ್ಟು ತೆಗೆದ ಹಾಗೆ. ಹೊಳಪು ಅಂಚಿನಿಂದ ಶುರುವಾಗುವುದಕ್ಕೂ ಕಾರಣವಿದೆ: ಚೌಕಟ್ಟಿನೊಳಗೆ ಗಾಳಿ ನುಗ್ಗುವುದು ಅಲ್ಲಿಂದಲೇ.

ಈಗ ಹುಳು ಮನೆಯ ವಿಚಾರಕ್ಕೆ ಬನ್ನಿ. ಚಾಕಿ ಹುಳುಗಳಿಗೆ, ಅಂದರೆ ಎಳೆಯ ಹುಳುಗಳಿಗೆ, ಶೇ 80ರಿಂದ 90ರಷ್ಟು, ದೊಡ್ಡ ಹುಳುಗಳಿಗೆ ಶೇ 70ರಿಂದ 75ರಷ್ಟು ಗಾಳಿಯ ತೇವ ಇರಬೇಕೆಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಫೋಟೊಗೆ ಹಿತವಾದುದು ಶೇ 30ರಿಂದ 50. ಶೇ 65–70 ದಾಟಿದ ತೇವ ಹಲವು ದಿನ ನಿಂತರೆ ಬೂಸಲು ಹುಟ್ಟುತ್ತದೆ ಮತ್ತು ಜೆಲಾಟಿನ್ ಗಾಜಿಗೆ ಅಂಟುವಷ್ಟು ಮೆತ್ತಗಾಗುತ್ತದೆ. ಹುಳುವಿಗೆ ಸುಖವೆನಿಸುವ ಹವೆ ಫೋಟೊಗೆ ಕಷ್ಟದ ಹವೆ. ಇದರ ಮೇಲೆ, ಪ್ರತಿ ಬೆಳೆಯ ಮೊದಲು ಮತ್ತು ನಂತರ ಸೋಂಕು ನಿವಾರಣೆಗಾಗಿ ಬ್ಲೀಚಿಂಗ್ ಪೌಡರಿನ ದ್ರಾವಣವನ್ನೋ ಕ್ಲೋರಿನ್ ಡೈಆಕ್ಸೈಡನ್ನೋ ಸಿಂಪಡಿಸುತ್ತೀರಿ. ರೋಗಾಣುಗಳನ್ನು ಕೊಲ್ಲುವ ಶಕ್ತಿ ಇವಕ್ಕೆ ಬರುವುದೇ ತೀವ್ರವಾದ ಆಕ್ಸಿಡೀಕರಣದಿಂದ, ಮತ್ತು ಅದೇ ಗುಣ ಬೆಳ್ಳಿಯ ಕಣಗಳಿಗೆ ಶತ್ರು. ಕೆಲವರು ಬಳಸುವ ಫಾರ್ಮಲಿನ್ನಿನ ಆವಿಯೂ ಕ್ರಮೇಣ ಫಾರ್ಮಿಕ್ ಆಮ್ಲವಾಗಿ ಬದಲಾಗಬಲ್ಲದು. ವರ್ಷಕ್ಕೆ ಹಲವು ಬೆಳೆ ತೆಗೆಯುವ ಮನೆಯಲ್ಲಿ, ಬಾಗಿಲ ಸಂದಿಯಿಂದಲೂ ಸೂರಿನ ಕೆಳಗಿನ ಕಿಂಡಿಯಿಂದಲೂ ಈ ಆವಿ ನಡುಮನೆಗೆ ಬಂದೇ ಬರುತ್ತದೆ. ಶಿಡ್ಲಘಟ್ಟ, ಚಿಂತಾಮಣಿ, ದೇವನಹಳ್ಳಿ ಬಳಿಯ ವಿಜಯಪುರ ಕಡೆಯಿಂದ ಬರುವ ಫೋಟೊಗಳಲ್ಲಿ ಈ ಕನ್ನಡಿ ಹೊಳಪನ್ನು ನಾನು ಮತ್ತೆ ಮತ್ತೆ ನೋಡುತ್ತಿರುವುದರಿಂದ, ಈಗೀಗ ಮನೆಯಲ್ಲಿ ಹುಳು ಸಾಕುತ್ತೀರಾ ಎಂದು ಮೊದಲೇ ಕೇಳಿಬಿಡುತ್ತೇನೆ. ರೇಷ್ಮೆಯೇ ಇಲ್ಲದ ಮನೆಗಳಲ್ಲಿ ಇದೇ ಹಾನಿಯನ್ನು ಸೌದೆ ಒಲೆಯ ಹೊಗೆ, ಹೊಸದಾಗಿ ಬಳಿದ ಎಣ್ಣೆ ಬಣ್ಣದ ಆವಿ ಮತ್ತು ಹಸಿ ಪ್ಲೈವುಡ್ಡಿನ ಬೀರು ಮಾಡುತ್ತವೆ. ಮದುವೆಗೆಂದು ಮನೆಗೆ ಬಣ್ಣ ಬಳಿಸುವಾಗ ಫೋಟೊಗಳನ್ನು ಕೆಲವು ವಾರಗಳ ಮಟ್ಟಿಗೆ ಬೇರೆ ಮನೆಗೆ ಕಳಿಸುವುದು ಅತಿಯಾದ ಎಚ್ಚರಿಕೆಯೇನಲ್ಲ.

ಹಳೆಯ ಕಪ್ಪು-ಬಿಳುಪು ಫೋಟೊ ಕೆಡಲು ಇನ್ನೊಂದು ಕಾರಣವೂ ಇದೆ. ಪ್ರಿಂಟನ್ನು, ಚಿತ್ರವನ್ನು ಸ್ಥಿರಗೊಳಿಸುವ ಹೈಪೊ ದ್ರಾವಣದಲ್ಲಿ ಅದ್ದಿದ ಬಳಿಕ ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆಯಬೇಕು. ನೀರಿಗೆ ಸದಾ ಬರವಿರುವ ನಮ್ಮ ಸೀಮೆಯಲ್ಲಿ ಈ ತೊಳೆತ ಸಾಲದೆ ಉಳಿದ ಪ್ರಿಂಟುಗಳು ಸಾಕಷ್ಟಿವೆ. ಅಂಥವು ಅಂಚಿನಲ್ಲಿ ಮಾತ್ರವಲ್ಲದೆ ಮೈತುಂಬ ಹಳದಿಗಟ್ಟಿ, ಮುಖಗಳು ಮಸುಕಾಗುತ್ತವೆ. ನಿಮ್ಮ ವಿವರಣೆಯಲ್ಲಿ ಆ ಲಕ್ಷಣ ಕಾಣುವುದಿಲ್ಲ. ಅಂದಿನ ಸ್ಟುಡಿಯೊದವರು ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದ್ದಾರೆ ಎಂದಾಯಿತು.

ಆದ್ದರಿಂದ ಮೊದಲ ಚಿಕಿತ್ಸೆಗೆ ಹಣ ಬೇಕಾಗಿಲ್ಲ: ಫೋಟೊವನ್ನು ಆ ಗೋಡೆಯಿಂದ ಇಳಿಸಿ. ಹುಳು ಮನೆ, ಅಡುಗೆ ಮನೆ, ಬಚ್ಚಲು, ದೇವರ ಮನೆ ಇವುಗಳಿಂದ ದೂರದ, ಮಳೆ ಹೊಡೆಯದ ಒಳಗೋಡೆಯನ್ನು ಆರಿಸಿ. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಬೀಳುವುದು ಸುಮಾರು 700–750 ಮಿಲಿಮೀಟರ್ ಮಳೆಯಾದರೂ, ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ ಒಟ್ಟಿಗೆ ಬರುವುದರಿಂದ ಹೊರಗೋಡೆಗಳು ಆ ಎರಡು ತಿಂಗಳು ನೀರು ಹೀರಿ ನಿಲ್ಲುತ್ತವೆ. ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಬಿರಡೆಯ ತುಂಡು ಅಂಟಿಸಿದರೆ ಫೋಟೊ ಮತ್ತು ಗೋಡೆಯ ನಡುವೆ ಗಾಳಿಯಾಡುತ್ತದೆ. ಹಿರಿಯರ ಫೋಟೊಗೆ ಹೂವಿನ ಹಾರ, ಕುಂಕುಮ, ಊದುಬತ್ತಿ ನಮ್ಮಲ್ಲಿ ಬಿಡಲಾಗದ ಪದ್ಧತಿ, ಬಿಡಿ ಎಂದು ನಾನು ಹೇಳುವುದೂ ಇಲ್ಲ. ಆದರೆ ಒದ್ದೆ ಹಾರದ ನೀರು ಗಾಜಿನ ಅಂಚಿನಿಂದ ಒಳಗಿಳಿದು ಫೋಟೊದ ತಲೆಯ ಭಾಗವನ್ನೇ ಹಾಳು ಮಾಡಿದ ಉದಾಹರಣೆಗಳು ಬೇಕಾದಷ್ಟಿವೆ. ಪೂಜೆಗೆ ಅದೇ ಅಳತೆಯ ಪ್ರತಿಯೊಂದನ್ನು ಮಾಡಿಸಿ ಗೋಡೆಗೆ ಹಾಕಿ, ಮೂಲವನ್ನು ಒಳಗಿಡುವುದು ನನಗೆ ಸರಿಯೆನಿಸುವ ದಾರಿ.

ಗಾಜಿಗೆ ಅಂಟಿದ ಮೂಲೆಯ ಬಗ್ಗೆ ಹಲವು ಉಪಾಯಗಳು ಚಾಲ್ತಿಯಲ್ಲಿವೆ. ನೀರಿನಲ್ಲಿ ನೆನೆಸಿದರೆ ಬಿಡುತ್ತದೆ, ಫ್ರಿಜ್ಜಿನಲ್ಲಿಟ್ಟರೆ ಬಿಡುತ್ತದೆ, ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿದರೆ ಬಿಡುತ್ತದೆ ಎನ್ನುವವರಿದ್ದಾರೆ. ಒಂದೊಂದು ಫೋಟೊ ಹಾಗೆ ಬಿಟ್ಟದ್ದೂ ಉಂಟು. ಆದರೆ ಒಮ್ಮೆ ಬೂಸಲು ತಗುಲಿದ ಜೆಲಾಟಿನ್ ನೀರಿನಲ್ಲಿ ಕರಗುವಂತಾಗಿರುತ್ತದೆ, ಮತ್ತು ಆ ಕಾಲದ ಸ್ಟುಡಿಯೊಗಳಲ್ಲಿ ಕೆನ್ನೆ, ತುಟಿ, ಸೀರೆಯ ಅಂಚಿಗೆ ಕುಂಚದಿಂದ ಹಚ್ಚಿದ ಬಣ್ಣ ನೀರು ತಾಗಿದೊಡನೆ ಹರಿದು ಹೋಗಬಹುದು. ಎಳೆದರೆ ಜೆಲಾಟಿನ್ ಗಾಜಿನ ಮೇಲೆ ಉಳಿದು ಬರಿಯ ಕಾಗದ ಕೈಗೆ ಬರುತ್ತದೆ. ನನ್ನ ಸಲಹೆ, ಗಾಜು ಸಮೇತ ಹಾಗೆಯೇ ಇಟ್ಟು, ಮೊದಲು ಗಾಜಿನ ಮೇಲಿನಿಂದಲೇ ಪ್ರತಿ ತೆಗೆಸುವುದು. ಅಂಗಡಿಗಳಲ್ಲಿರುವ ತೆಳ್ಳಗಿನ ಸ್ಕ್ಯಾನರುಗಳು ತಮ್ಮ ಗಾಜಿಗೆ ತಾಗಿದ್ದನ್ನು ಮಾತ್ರ ಸ್ಪಷ್ಟವಾಗಿ ಹಿಡಿಯುವುದರಿಂದ ಇದಕ್ಕೆ ಅವು ಒಗ್ಗುವುದಿಲ್ಲ. ಒಳ್ಳೆಯ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ, ಎರಡು ಬದಿಯಿಂದ 45 ಡಿಗ್ರಿ ಕೋನದಲ್ಲಿ ಬೆಳಕು ಕೊಟ್ಟು, ಕ್ಯಾಮೆರಾದ ಸುತ್ತ ಕಪ್ಪು ಬಟ್ಟೆ ಹಿಡಿದು ತೆಗೆಯಬೇಕು. ದೀಪಗಳಿಗೂ ಲೆನ್ಸಿಗೂ ಪೋಲರೈಸಿಂಗ್ ಫಿಲ್ಟರ್ ಹಾಕಿದರೆ ಗಾಜಿನ ಪ್ರತಿಫಲನದೊಂದಿಗೆ ಆ ನೀಲಿ ಹೊಳಪೂ ಪ್ರತಿಯಲ್ಲಿ ಬಹುಮಟ್ಟಿಗೆ ಮಾಯವಾಗುತ್ತದೆ. ಮದುವೆ ಫೋಟೊ ತೆಗೆಯುವ ಅನುಭವಿ ಛಾಯಾಗ್ರಾಹಕರಿಗೆ ಇದು ಹೇಳಿದರೆ ತಿಳಿಯುವ ಕೆಲಸ. ಅಂಟಿದ ಭಾಗವನ್ನು ಬಿಡಿಸಲೇಬೇಕೆಂದಿದ್ದರೆ ಬೆಂಗಳೂರಿನಲ್ಲಿರುವ, ಪರಂಪರೆಯ ಸಂರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಕಲಾ ಸಂರಕ್ಷಣಾ ಕೇಂದ್ರದಂಥ ಕಡೆ ತೋರಿಸಿ. ಅಲ್ಲಿಯೂ ಪೂರ್ತಿ ಬಿಡುತ್ತದೆ ಎಂಬ ಭರವಸೆಯನ್ನು ಮೊದಲೇ ಯಾರೂ ಕೊಡಲಾರರು.

ನುಸಿಗುಳಿಗೆಯ ಬಗ್ಗೆ ಅಮ್ಮನವರಿಗೆ ಬೇಸರವಾಗದಂತೆ ಹೇಳಿ. ಅದು ಬೂಸಲನ್ನೂ ತಡೆಯುವುದಿಲ್ಲ, ತೇವವನ್ನೂ ಹೀರುವುದಿಲ್ಲ. ಅದರ ಆವಿ ಕೆಲವು ಪ್ಲಾಸ್ಟಿಕ್ಕುಗಳನ್ನು ಮೆತ್ತಗಾಗಿಸುತ್ತದೆ, ಕೆಲವೊಮ್ಮೆ ಫೋಟೊದ ಮೇಲೆಯೇ ಮತ್ತೆ ಹರಳುಗಟ್ಟುತ್ತದೆ, ಮನುಷ್ಯರ ಆರೋಗ್ಯಕ್ಕೂ ಒಳ್ಳೆಯದಲ್ಲ. ಬೇವಿನ ಎಲೆ ಸ್ವಲ್ಪ ಹಸಿಯಾಗಿದ್ದರೂ ತೇವವನ್ನು ಒಳಗೇ ತಂದಿಡುತ್ತದೆ. ಜೆಲಾಟಿನ್ ಮತ್ತು ಗಂಜಿ ತಿನ್ನಲು ಬರುವ ಬೆಳ್ಳಿಮೀನು (ಸಿಲ್ವರ್ ಫಿಶ್) ಹುಳಕ್ಕೆ ಒಣಗಿದ, ಧೂಳಿಲ್ಲದ, ಆಗಾಗ ತೆರೆದು ನೋಡುವ ಜಾಗವೇ ದೊಡ್ಡ ವಿರೋಧಿ. ಬಿಸಿಲಿಗೆ ಹರಡಿ ಒಣಗಿಸುವುದು ಮಾತ್ರ ಖಂಡಿತ ಬೇಡ.

ಇನ್ನು ಮದುವೆಯ ಆಲ್ಬಮ್ಮಿನ ವಿಷಯ. ತಾತನ ಕಾಲದ ಫೋಟೊ ಇನ್ನೂ ಗಟ್ಟಿಯಾಗಿದ್ದು, ಅದಕ್ಕಿಂತ ಕಾಲು ಶತಮಾನ ಚಿಕ್ಕದಾದ ಅಪ್ಪ-ಅಮ್ಮನ ಫೋಟೊ ಕೆಂಪಾದದ್ದು ಏಕೆಂದು ಬಹಳ ಜನ ಕೇಳುತ್ತಾರೆ. ಹಳೆಯದೇ ಮೊದಲು ಹೋಗುತ್ತದೆ ಎಂಬ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ. ಬಣ್ಣದ ಪ್ರಿಂಟಿನಲ್ಲಿ ಬೆಳ್ಳಿ ಉಳಿದಿರುವುದಿಲ್ಲ, ಹಸಿರು ಮಿಶ್ರಿತ ನೀಲಿ, ನೇರಳೆ ಮಿಶ್ರಿತ ಕೆಂಪು ಮತ್ತು ಹಳದಿ ಎಂಬ ಮೂರು ಸಾವಯವ ವರ್ಣದ್ರವ್ಯಗಳಷ್ಟೇ ಇರುತ್ತವೆ. 1970 ಮತ್ತು 80ರ ದಶಕಗಳ ಎಷ್ಟೋ ಕಾಗದಗಳಲ್ಲಿ ನೀಲಿಯ ದ್ರವ್ಯ ಕತ್ತಲಲ್ಲಿಟ್ಟರೂ ತಾನಾಗಿ ಕರಗುತ್ತ ಹೋಗುತ್ತದೆ, ಶೆಕೆ ಹೆಚ್ಚಿದಷ್ಟೂ ಬೇಗ ಕರಗುತ್ತದೆ. ನೀಲಿ ಹೋದ ಮೇಲೆ ಉಳಿದವು ಸೇರಿ ಕೆಂಪಾಗಿ ಕಾಣುತ್ತವೆ. ಇದನ್ನು ಮೂಲ ಫೋಟೊದಲ್ಲಿ ಹಿಂದಕ್ಕೆ ತರುವ ವಿದ್ಯೆ ಯಾರ ಬಳಿಯೂ ಇಲ್ಲ, ಆದರೆ ನಿಧಾನಗೊಳಿಸಬಹುದು. ಆಲ್ಬಂ ಶೀಟಿನ ಸೂರಿನ ಕೆಳಗಿನ ಅಟ್ಟದಲ್ಲಿದ್ದರೆ ಅದನ್ನು ಇಳಿಸಿ ಮನೆಯ ಅತಿ ತಂಪಾದ ಕೋಣೆಯಲ್ಲಿಡುವುದೇ ಅದಕ್ಕೆ ಅರ್ಧ ಉತ್ತರ. ಸ್ಕ್ಯಾನ್ ಮಾಡಿದ ಪ್ರತಿಯಲ್ಲಿ, ಅಳಿದುಳಿದ ನೀಲಿಯನ್ನು ಕಂಪ್ಯೂಟರಿನಲ್ಲಿ ಎತ್ತಿ ಹಿಡಿದು ಮೂಲದ ಬಣ್ಣಕ್ಕೆ ಸಾಕಷ್ಟು ಹತ್ತಿರ ಬರಬಹುದು. ಅಷ್ಟೂ ನೀಲಿ ಹೋದ ಮೇಲೆ ಅದೂ ಆಗುವುದಿಲ್ಲವಾದ್ದರಿಂದ, ನಿಮ್ಮ ಮನೆಯ ಪ್ರಿಂಟುಗಳಲ್ಲಿ ಮೊದಲು ಸ್ಕ್ಯಾನ್ ಆಗಬೇಕಾದದ್ದು ತಾತನ ಫೋಟೊ ಅಲ್ಲ, ಈ ಆಲ್ಬಂ.

ಅಂಟು ಹಾಳೆಯ ಆಲ್ಬಂ ಆ ಕಾಲದ ದೊಡ್ಡ ಫ್ಯಾಷನ್ನಾಗಿತ್ತು, ನನ್ನ ವೃತ್ತಿಗೆ ದೊಡ್ಡ ತಲೆನೋವೂ ಆಯಿತು. ಹಾಳೆಯ ಗೆರೆ ಗೆರೆಯಾದ ಅಂಟು ಹಳದಿಯಾಗಿ ಫೋಟೊದ ಬೆನ್ನಿಗೆ ಇಳಿಯುತ್ತದೆ, ಮೇಲಿನ ಹೊದಿಕೆ ಪಿವಿಸಿ ಎಂಬ ಪ್ಲಾಸ್ಟಿಕ್ ಆಗಿದ್ದರೆ ಕಾಲಕ್ರಮೇಣ ಆಮ್ಲದ ಆವಿ ಬಿಡುತ್ತದೆ. ಪ್ರತಿ ಪುಟವನ್ನೂ ಮೊದಲು ಹಾಗೆಯೇ ಸ್ಕ್ಯಾನ್ ಮಾಡಿಸಿ, ಯಾವ ಫೋಟೊದ ಪಕ್ಕ ಯಾವುದಿತ್ತು ಎಂಬುದೂ ಮುಂದೆ ಬೇಕಾಗುತ್ತದೆ. ಆಮೇಲೆ, ಮೇಣ ಹಚ್ಚದ ಹಲ್ಲಿನ ದಾರವನ್ನು (ಡೆಂಟಲ್ ಫ್ಲಾಸ್) ಫೋಟೊದ ಬೆನ್ನಿಗೂ ಹಾಳೆಗೂ ನಡುವೆ ತೂರಿಸಿ, ಗರಗಸದಂತೆ ಮೆಲ್ಲಗೆ ಅತ್ತಿತ್ತ ಎಳೆಯುತ್ತ ಬಿಡಿಸಿ. ಫೋಟೊ ಬಾಗುತ್ತಿದೆ ಎನಿಸಿದರೆ ಅಲ್ಲಿಗೆ ನಿಲ್ಲಿಸಿ, ಸುತ್ತಲಿನ ಹಾಳೆಯನ್ನು ಕತ್ತರಿಸಿ ಬೆನ್ನಿನ ತುಂಡಿನೊಂದಿಗೇ ಇಟ್ಟುಕೊಳ್ಳಿ. ಬೆನ್ನಿನಲ್ಲಿ ಹಾಳೆಯ ತುಂಡು ಉಳಿದ ಫೋಟೊ, ಮುಖ ಬಿರುಕು ಬಿಟ್ಟ ಫೋಟೊಗಿಂತ ಎಷ್ಟೋ ವಾಸಿ.

ತಗಡಿನ ಡಬ್ಬಿಯ ಹುಳಿ ವಾಸನೆ ಬೂಸಲಿನದಲ್ಲ. ನೆಗೆಟಿವ್‌ನ ತಳವಾದ ಸೆಲ್ಯುಲೋಸ್ ಅಸಿಟೇಟ್ ಒಡೆದು ಅಸಿಟಿಕ್ ಆಮ್ಲ, ಅಂದರೆ ವಿನೆಗರಿನ ಆಮ್ಲ, ಹೊರಬರುತ್ತಿದೆ. ಹೊರಬಂದ ಆಮ್ಲವೇ ಒಡೆತವನ್ನು ಇನ್ನಷ್ಟು ಚುರುಕು ಮಾಡುವುದರಿಂದ, ಮುಚ್ಚಿದ ಡಬ್ಬಿಯಲ್ಲಿ ಒಂದು ಕೆಟ್ಟ ಫಿಲ್ಮು ಉಳಿದವನ್ನೂ ಕೆಡಿಸುತ್ತದೆ. ವಾಸನೆ ಬರುವವನ್ನು ಬೇರ್ಪಡಿಸಿ, ಡಬ್ಬಿಯಿಂದ ತೆಗೆದು ಕಾಗದದ ಲಕೋಟೆಗಳಲ್ಲಿಡಿ. ಅವು ಸುರುಳಿಗಟ್ಟಿ ಮೇಲ್ಪದರ ಸುಕ್ಕಾಗುವ ಮೊದಲು, ಬೇರೆ ಎಲ್ಲಕ್ಕಿಂತ ಮುಂಚೆ ಸ್ಕ್ಯಾನ್ ಮಾಡಿಸಿ. ನೆಗೆಟಿವ್ ಚೆನ್ನಾಗಿದ್ದರೆ ಕೆಂಪಾದ ಪ್ರಿಂಟಿಗಿಂತ ಉತ್ತಮ ಬಣ್ಣ ಅದರಿಂದಲೇ ಬರುವ ಸಾಧ್ಯತೆ ಇದೆ. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ತಯಾರಿಸುತ್ತಿದ್ದ ‘ಇಂದು’ ಹೆಸರಿನ ಕಪ್ಪು-ಬಿಳುಪು ಫಿಲ್ಮುಗಳು ಅದರಲ್ಲಿ ಸಿಕ್ಕರೆ ಅವಕ್ಕೂ ಇದೇ ಮಾತು. 1950ಕ್ಕಿಂತ ಹಿಂದಿನ, ಕಂದು ಬಣ್ಣಕ್ಕೆ ತಿರುಗಿ ಜಿಗುಟಾದ ಫಿಲ್ಮು ಸಿಕ್ಕರೆ ಮಾತ್ರ ಒಲೆ, ದೀಪ, ಬಿಸಿಲು ಇವುಗಳಿಂದ ದೂರವಿಟ್ಟು ತಿಳಿದವರಿಗೆ ತೋರಿಸಿ. ಅದು ನೈಟ್ರೇಟ್ ಫಿಲ್ಮು ಆಗಿರಬಹುದು, ಅದಕ್ಕೆ ಬೆಂಕಿ ಬಹಳ ಬೇಗ ಹತ್ತುತ್ತದೆ.

ತಮ್ಮನ ಮಾತಿನಲ್ಲಿ ಅರ್ಧ ಸರಿಯಿದೆ. ಪ್ರತಿ ಇರಲೇಬೇಕು, ಆದರೆ ವಾಟ್ಸ್‌ಆ್ಯಪ್ ಸಾಮಾನ್ಯವಾಗಿ ಚಿತ್ರಗಳನ್ನು ಕುಗ್ಗಿಸಿ ಕಳಿಸುವುದರಿಂದ ಗುಂಪಿನಲ್ಲಿ ಉಳಿಯುವುದು ನೋಡಿ ಸಂತೋಷಪಡಲು ಸಾಕಾಗುವಷ್ಟು ಮಾತ್ರ. ಸ್ಕ್ಯಾನ್ ಮಾಡಿಸುವಾಗ ಸಾಮಾನ್ಯ ಪ್ರಿಂಟುಗಳಿಗೆ 600 ಡಿಪಿಐ (ಒಂದು ಇಂಚಿಗೆ ಇಷ್ಟು ಚುಕ್ಕೆ ಎಂಬ ಅಳತೆ), ಪಾಸ್‌ಪೋರ್ಟ್ ಅಳತೆಯ ಚಿಕ್ಕವಕ್ಕೆ 1200, 35 ಮಿಲಿಮೀಟರ್ ನೆಗೆಟಿವ್‌ಗಳಿಗೆ 2400ರಿಂದ 4000 ಕೇಳಿ. ಕಪ್ಪು-ಬಿಳುಪು ಫೋಟೊವನ್ನೂ ಬಣ್ಣದ ಸೆಟ್ಟಿಂಗಿನಲ್ಲೇ ಮಾಡಿಸಿ, ವಿವರ ಕಳೆಯದೆ ಉಳಿಸುವ ಟಿಫ್ ಕಡತದ ರೂಪದಲ್ಲಿ ಪಡೆದುಕೊಳ್ಳಿ. 4x6 ಇಂಚಿನ ಒಂದು ಫೋಟೊ 600 ಡಿಪಿಐನಲ್ಲಿ ಸುಮಾರು 26 ಎಂಬಿ ಆಗುತ್ತದೆ. ಹಂಚಲು ಬೇರೆ ಜೆಪೆಗ್ ಪ್ರತಿಗಳನ್ನು ಮಾಡಿಕೊಳ್ಳಬಹುದು. ಮೂರು ಪ್ರತಿ, ಎರಡು ಬಗೆಯ ಸಂಗ್ರಹ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬುದು ಈ ಕೆಲಸದಲ್ಲಿ ಎಲ್ಲರೂ ಒಪ್ಪುವ ನಿಯಮ. ಮನೆಯಲ್ಲೊಂದು ಹಾರ್ಡ್ ಡಿಸ್ಕ್, ಬೆಂಗಳೂರಿನಲ್ಲಿರುವ ನೆಂಟರ ಮನೆಯಲ್ಲಿ ಇನ್ನೊಂದು, ಹಣ ಕೊಟ್ಟು ಪಡೆಯುವ ಕ್ಲೌಡ್‌ನಲ್ಲಿ ಮತ್ತೊಂದು ಇದ್ದರೆ ಸಾಕು. ಆದರೆ ಡಿಸ್ಕ್ ಐದಾರು ವರ್ಷಕ್ಕೆ ಕೈಕೊಡಬಹುದು, ಕ್ಲೌಡಿನ ಹಣ ಕಟ್ಟುವವರು ಕಟ್ಟುವುದನ್ನು ಮರೆಯಬಹುದು. ಬೀರುವಿನಲ್ಲಿ ಸುಮ್ಮನೆ ಕೂತ ಬೆಳ್ಳಿಯ ಪ್ರಿಂಟು ಯಾರ ನೆನಪನ್ನೂ ನಂಬಿಕೊಂಡಿರುವುದಿಲ್ಲ. ಸ್ಕ್ಯಾನ್ ಆಯಿತೆಂದು ಮೂಲವನ್ನು ಎಸೆಯಲು ನಾನು ಒಪ್ಪದಿರುವುದು ಇದಕ್ಕೇ.

ಎಐ ಆ್ಯಪ್ ಬಗ್ಗೆ ನನಗೆ ತಕರಾರಿರುವುದು ಒಂದೇ ಕಡೆ. ಮಸುಕಾದ ಮುಖವನ್ನು ಅದು ‘ಸ್ಪಷ್ಟ’ ಮಾಡುವಾಗ, ಫೋಟೊದಲ್ಲಿ ಇಲ್ಲದ ಕಣ್ಣು, ಹುಬ್ಬು, ಹಲ್ಲುಗಳನ್ನು ಬೇರೆ ಲಕ್ಷಾಂತರ ಮುಖಗಳ ಅಂದಾಜಿನಿಂದ ತುಂಬುತ್ತದೆ. ಮುತ್ತಜ್ಜಿಯನ್ನು ಕಂಡೇ ಇರದ ಮೊಮ್ಮಕ್ಕಳು ಆ ಮುಖವನ್ನೇ ಅವರ ಮುಖವೆಂದು ನಂಬುತ್ತಾರೆ. ಅವರು ಉಟ್ಟಿದ್ದ ಸೀರೆಯ ಬಣ್ಣವೂ ಅಂದಾಜೇ. ಮಾಡಿಸಬೇಡಿ ಎನ್ನುವುದಿಲ್ಲ, ಆದರೆ ಕೈ ಹಾಕದ ಸ್ಕ್ಯಾನನ್ನು ಬೇರೆಯಾಗಿಟ್ಟು, ಬಣ್ಣ ತುಂಬಿದ ಕಡತದ ಹೆಸರಿನಲ್ಲೇ ‘ಎಐ’ ಎಂದು ಸೇರಿಸಿ.

ಫೋಟೊದ ಹಿಂದೆ ಬಾಲ್ ಪೆನ್ನಿನಿಂದ ಹೆಸರು ಬರೆಯಬೇಡಿ. ಒತ್ತು ಮುಂಭಾಗಕ್ಕೆ ಮೂಡುತ್ತದೆ, ಶಾಯಿ ಪಕ್ಕದ ಫೋಟೊಗೆ ಹತ್ತುತ್ತದೆ. ಹಳೆಯ ಕಾಗದದ ಫೋಟೊಗಳ ಬೆನ್ನಿನ ಅಂಚಿಗೆ 4ಬಿ ಅಥವಾ 6ಬಿ ಪೆನ್ಸಿಲಿನಿಂದ ಹಗುರವಾಗಿ ಬರೆಯಬಹುದು. ಪ್ಲಾಸ್ಟಿಕ್ ಲೇಪದ ಬಣ್ಣದ ಫೋಟೊಗಳಿಗೆ ಲಕೋಟೆಯ ಮೇಲೆ ಬರೆಯುವುದೇ ಕ್ಷೇಮ. ಗುಂಪು ಫೋಟೊದ ಒಂದು ಪ್ರತಿಯನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಮುಖಗಳಿಗೆ ಅಂಕಿ ಕೊಟ್ಟು, ಅಜ್ಜಿಯೋ ಸೋದರತ್ತೆಯೋ ಇದ್ದರೆ ಅವರ ಮುಂದಿಟ್ಟು, ಯಾರು ಯಾರಿಗೆ ಏನಾಗಬೇಕು ಎಂದು ಅವರು ಹೇಳುವುದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಸ್ಕ್ಯಾನರ್ ಮುಂದಿನ ವರ್ಷವೂ ಸಿಗುತ್ತದೆ ಎಂಬ ಕಾರಣಕ್ಕೆ ಇದನ್ನು ಎಲ್ಲಕ್ಕಿಂತ ಮೊದಲು ಮಾಡಿ ಎನ್ನುತ್ತೇನೆ.

ಇಡುವ ಜಾಗಕ್ಕೆ ಹಳೆಯ ಸ್ಟೀಲ್ ಬೀರುವಿನ ನಡುವಿನ ಅರೆ ಸಾಕು. ಬೀರು ಗೋಡೆಗೆ ತಾಗಿರಬಾರದು, ಅಷ್ಟೇ. ಪ್ರತಿ ಫೋಟೊವನ್ನೂ ಆಮ್ಲರಹಿತ ಕಾಗದದಲ್ಲೋ, ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಹೊದಿಕೆಯಲ್ಲೋ ಇಟ್ಟು, ಗಟ್ಟಿ ಪೆಟ್ಟಿಗೆಯಲ್ಲಿ ಮಲಗಿಸಿ. ಕೊಳ್ಳುವಾಗ ‘ಫೋಟೊ ಸೇಫ್’ ಎಂಬ ಬರಹವನ್ನಷ್ಟೇ ನಂಬದೆ, ಹೊದಿಕೆಯಿಂದ ಫೋಟೊಗೆ ಹಾನಿಯಾಗುತ್ತದೆಯೇ ಎಂದು ನೋಡುವ ಐಎಸ್ಒ 18916ರ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆಯೇ ಎಂದು ಕೇಳಿ. ರಬ್ಬರ್ ಬ್ಯಾಂಡ್, ಸೆಲ್ಲೋಟೇಪ್, ಪಿನ್ನು ಬೇಡ. ಸಿಲಿಕಾ ಜೆಲ್ ಪುಡಿಕೆ ಇಡುವುದಾದರೆ ಬಣ್ಣ ಬದಲಾಯಿಸುವ ಬಗೆಯದನ್ನೇ ತಂದು, ಬಣ್ಣ ತಿರುಗಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಇಡಿ. ನೀರು ಹೀರಿ ತುಂಬಿದ ಪುಡಿಕೆ ಮರಳಿ ತೇವವನ್ನೇ ಬಿಡುತ್ತದೆ. ಬೇಸಿಗೆಯಲ್ಲಿ ನಮ್ಮ ಕಡೆಯ ಗಾಳಿ ತಾನಾಗಿಯೇ ಒಣಗಿರುವುದರಿಂದ ಆಗ ಅದರ ಅಗತ್ಯವೂ ಇಲ್ಲ, ಅತಿಯಾಗಿ ಒಣಗಿದ ಜೆಲಾಟಿನ್ ಬಿರುಕು ಬಿಡಬಹುದು. ಗೋಡೆಗೆ ತೂಗುಹಾಕುವ ಚಿಕ್ಕದೊಂದು ತೇವಮಾಪಕವನ್ನು ಆ ಬೀರುವಿನಲ್ಲಿಟ್ಟು, ಮುಂದಿನ ಬೆಳೆಯ ಸೋಂಕು ನಿವಾರಣೆಯ ದಿನಗಳಲ್ಲೂ ಮಳೆಗಾಲದಲ್ಲೂ ಅಂಕಿ ಎಷ್ಟಕ್ಕೆ ಏರುತ್ತದೆ ಎಂದು ಬರೆದಿಟ್ಟುಕೊಳ್ಳಿ. ಶೇ 60 ದಾಟುತ್ತಲೇ ಇದ್ದರೆ ಮೂಲ ಫೋಟೊಗಳನ್ನು ಹುಳು ಸಾಕದ ನೆಂಟರ ಮನೆಯಲ್ಲಿಡುವ ವಿಚಾರವನ್ನು ಮನೆಯವರೊಂದಿಗೆ ಮಾತನಾಡಿ.